ಎಂಟು ತಾಸು

ಆರನೆಯ ಕುರ್ಚಿಯನ್ನೂ ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಮಗಳನ್ನು ಸೋದರತ್ತೆ ಅರ್ಧದಲ್ಲೇ ತಡೆದಳು.

"ಕೆಳಗಿಡೇ ಅದನ್ನ. ಅಪ್ಪನ್ನ ಕಳಿಸೋ ದಿನ ಮಗಳು ಕುರ್ಚಿ ಹೊರ್ತಾಳಾ?"

"ಬಂದೋರು ನಿಂತೇ ಇದ್ದಾರಲ್ಲ ಅತ್ತೆ."

"ನಿಂತ್ಕೊಳ್ಳಲಿ, ಕಾಲಿದೆ ಅವರಿಗೆ. ನೀನು ಹೋಗಿ ಒಂದು ಕಡೆ ಕೂತ್ಕೋ."

ಅವಳು ಕುರ್ಚಿಯನ್ನು ಒಳಗಿಟ್ಟಳು, ಆದರೆ ಕೂರಲಿಲ್ಲ. ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆದಳು. ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿ ಹುಡುಕಿ ಸಾಲಾಗಿಟ್ಟಳು. ಸ್ಮಶಾನದ ಗಾಡಿ ಬಂತೇ ಎಂದು ಕಿಟಕಿಯಿಂದ ಬಗ್ಗಿ ನೋಡಿದಳು. ಹತ್ತೂವರೆಗೆ ಬರುವ ಗಾಡಿಯನ್ನು ಒಂಬತ್ತರಿಂದ ನೋಡುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಅತ್ತು ಕೆಂಪಾದದ್ದು ಎಂದು ಎಲ್ಲರೂ ತಿಳಿದಿದ್ದರು. ಅಳುವುದಕ್ಕೆ ಅವಳಿಗೆ ಇನ್ನೂ ಪುರುಸೊತ್ತೇ ಆಗಿರಲಿಲ್ಲ. ಅದು ನಿದ್ದೆಗೆಟ್ಟ ಕೆಂಪು.

ನಡುಕೋಣೆಯಲ್ಲಿ ತಂದೆ ಮಲಗಿದ್ದ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ದುಡಿದವನು. ಅಲ್ಲಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು 'ಎಂಟು ತಾಸು' ಎಂದು. ಅವರೇ ಈಗ ಗೋಡೆಗೊರಗಿ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

"ನಾನು ಕೆಲಸಕ್ಕೆ ಸೇರಿದ ದಿನ ಹೆಸರು ಕೂಡ ಕೇಳಲಿಲ್ಲ ಮಹಾರಾಯ," ಎಂದ ಬೈಂಡರು. "'ರಾತ್ರಿ ಎಷ್ಟು ತಾಸು ನಿದ್ದೆ ಮಾಡಿದೆ?' ಅಂತ ಕೇಳಿದ್ರು. ಐದು ಅಂದೆ. 'ಹಾಗಾದ್ರೆ ಇವತ್ತು ಕತ್ತರಿಸೋ ಯಂತ್ರದ ಹತ್ರ ಹೋಗಬೇಡ, ಗೋಂದು ಕಲಸು' ಅಂದ್ರು."

"ಯಜಮಾನರನ್ನೇ ಮನೆಗೆ ಕಳಿಸಿದ್ರಲ್ಲ! ಯಂತ್ರದ ಪಕ್ಕ ನಿಂತು ಆಕಳಿಸಿದ್ರು ಅಂತ."

"ಹೋದ್ರಾ ಅವರು?"

"ಹೋಗದೆ ಏನ್ಮಾಡ್ತಾರೆ? ಮಲಗಿ ಎದ್ದು ಬಂದು ಥ್ಯಾಂಕ್ಸ್ ಬೇರೆ ಹೇಳಿದ್ರು."

ನಗು ಉಕ್ಕಿತು, ಎಲ್ಲಿದ್ದೇವೆಂಬುದು ನೆನಪಾಗಿ ತಟ್ಟನೆ ನಿಂತಿತು. ಮಗಳೂ ಒಂದು ಕ್ಷಣ ನಕ್ಕಿದ್ದಳು. ಮರುಕ್ಷಣವೇ ಮತ್ತೆ ಅದೇ ಪ್ರಶ್ನೆ. ಹಸಿರೇ, ನೀಲಿಯೇ?

*

ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕ ದಿನ ತಂದೆ ಅವಳಿಗಿಂತ ಮೊದಲೇ ಎದ್ದು ಶರ್ಟು ಇಸ್ತ್ರಿ ಮಾಡಿಟ್ಟಿದ್ದ. ಬಸ್ ನಿಲ್ದಾಣದವರೆಗೂ ಜೊತೆಗೆ ಬಂದು, ದಾರಿಯುದ್ದಕ್ಕೂ ಬುದ್ಧಿ ಹೇಳಿದ. ಹತ್ತು ನಿಮಿಷ ಮುಂಚೆ ಹೋಗು. ಖಾಲಿ ಹೊಟ್ಟೆಯಲ್ಲಿ ಕೌಂಟರಿಗೆ ನಿಲ್ಲಬೇಡ, ಸಿಡಿಮಿಡಿ ಆಗುತ್ತೆ. ಚಿಕ್ಕವರಿಗೂ 'ನೀವು' ಅನ್ನು. ವಯಸ್ಸಾದವರು ಚೀಲದಲ್ಲಿ ಚೀಟಿ ಹುಡುಕುವಾಗ ಗಡಿಯಾರ ನೋಡಬೇಡ.

"ಅಪ್ಪಾ, ನಾನು ಮದುವೆಯಾಗಿ ಹೋಗ್ತಿಲ್ಲ, ಕೆಲಸಕ್ಕೆ ಹೋಗ್ತಿದ್ದೀನಿ."

"ಮದುವೇಲಿ ತಪ್ಪಾದ್ರೆ ಇಬ್ಬರಿಗೆ ತೊಂದ್ರೆ. ಅಲ್ಲಿ ತಪ್ಪಾದ್ರೆ ಯಾರಿಗೋ ಏನೋ." ಬಸ್ಸು ಬಂದು ನಿಂತಿತ್ತು. ಅವನು ಅವಳ ತೋಳು ಹಿಡಿದೇ ಇದ್ದ. "ತಪ್ಪು ಆಗೇ ಆಗುತ್ತೆ. ಆದ ದಿನವೇ ಹೇಳ್ಬಿಡು. ಸೂರ್ಯ ಮುಳುಗೋದಕ್ಕೆ ಮೊದಲು. ಕೇಳಿಸ್ತಾ?"

"ಕೇಳಿಸ್ತು, ಬಿಡು, ಬಸ್ ಹೋಗುತ್ತೆ!"

ಕಿಟಕಿಯಿಂದ ತಿರುಗಿ ನೋಡಿದಾಗ ಅವನು ಕೈಸನ್ನೆಯಲ್ಲಿ ನೀರು ಕುಡಿ ಎನ್ನುತ್ತಿದ್ದ. ಬಸ್ಸಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವಳು ನಾಚಿ ಮುಖ ತಿರುಗಿಸಿಕೊಂಡಿದ್ದಳು.

*

ಮೊನ್ನೆ ಸೋಮವಾರ ನಡೆದದ್ದು ಇಷ್ಟೇ. ತಂದೆಗೆ ವಾರದಿಂದ ಉಸಿರಾಟದ ತೊಂದರೆ. ವಾರದಿಂದ ಅವಳಿಗೂ ಜಾಗರಣೆ. ಸಂಜೆ ಕೌಂಟರಿನಲ್ಲಿ ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಟೈಪಿಂಗ್ ಟೀಚರ್ ಬಂದರು. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಬೀದಿಯವರಿಗೆ ಅವರು ಟೈಪಿಂಗ್ ಟೀಚರೇ. ರಕ್ತದೊತ್ತಡದ ಮಾತ್ರೆ ಕೇಳಿದರು. ಅವರು ತೆಗೆದುಕೊಳ್ಳುವುದು ನೀಲಿ ಅಂಚಿನ ಪಟ್ಟಿ. ಅದೇ ಮಾತ್ರೆ, ಎರಡರಷ್ಟು ಶಕ್ತಿಯದು ಹಸಿರು ಅಂಚಿನದು. ಎರಡೂ ಒಂದೇ ಡ್ರಾಯರಿನಲ್ಲಿ ಅಕ್ಕಪಕ್ಕ. ಅಷ್ಟರಲ್ಲಿ ಫೋನು ಬಂತು. ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಅವಳು ಪಟ್ಟಿಯನ್ನು ಲಕೋಟೆಗೆ ಹಾಕಿ ಕೊಟ್ಟು ಓಡಿದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ, ಯಾರೂ ಏನೂ ಕೇಳದೆ, ಲಕೋಟೆಯೊಳಗೆ ಜಾರುತ್ತಿದ್ದ ಪಟ್ಟಿಯ ಅಂಚು ಹಸಿರಾಗಿ ಕಣ್ಣಮುಂದೆ ಬಂತು. ಇಲ್ಲ, ನೀಲಿಯೇ ಇರಬೇಕು ಎಂದುಕೊಂಡಳು. ಅಂಗಡಿಯ ಮಾಲೀಕನಿಗೆ ಫೋನು ಮಾಡಿ ಡ್ರಾಯರಿನ ಪಟ್ಟಿಗಳನ್ನು ಎಣಿಸಲು ಹೇಳಿದರೆ ಗೊತ್ತಾಗುತ್ತಿತ್ತು. ಆದರೆ ಹಸಿರಾಗಿದ್ದರೆ ಕೆಲಸ ಹೋಗುತ್ತಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ.

ಬುಧವಾರ ತಂದೆ ಆಮ್ಲಜನಕದ ಮುಖವಾಡ ಸರಿಸಿ ಕೇಳಿದ. "ಎಷ್ಟು ತಾಸು ಮಲಗಿದೆ?"

"ಏಳು ಅಪ್ಪಾ."

ಅವನು ಅವಳ ಕಣ್ಣನ್ನೇ ನೋಡಿದ. ಇನ್ನೇನೋ ಕೇಳುವವನಿದ್ದ. ಅವಳೂ ಹೇಳುವವಳೇ ಇದ್ದಳು. ನರ್ಸು ಬಂದು ಮುಖವಾಡ ಸರಿಮಾಡಿ, ಮಾತಾಡಿಸಬೇಡಿ ಎಂದಳು. ಗುರುವಾರ ಬೆಳಿಗ್ಗೆ ಅವನು ಹೋದ.

*

ಹನ್ನೆರಡರ ಹೊತ್ತಿಗೆ ಸ್ಮಶಾನದಲ್ಲಿ ಎಲ್ಲ ಮುಗಿಯಿತು. ನಾಲ್ಕು ಮಾತು ಆಡಿ ಎಂದು ಎಡಗೈ ಮಾವನನ್ನು ಮುಂದೆ ತಳ್ಳಿದರು. ತಂದೆಯ ಜೀವದ ಗೆಳೆಯ ಅವನು. ಬಲಗೈ ಮಣಿಕಟ್ಟಿನಿಂದ ಕೆಳಗಿಲ್ಲ. ಎಲ್ಲವನ್ನೂ ಎಡಗೈಯಲ್ಲೇ ಮಾಡುವುದರಿಂದ ಅವಳು ಚಿಕ್ಕವಳಿದ್ದಾಗ ಇಟ್ಟ ಹೆಸರು. ಮಾವ ಗಂಟಲು ಸರಿಮಾಡಿಕೊಂಡು, "ಒಳ್ಳೆಯವನು," ಎಂದ. ಅಷ್ಟೇ ಹೇಳಿ ಹಿಂದೆ ಸರಿದ.

ಜನ ಗೇಟಿನ ಕಡೆ ನಡೆದರು. ಮಾವ ಸುಸ್ತಾಗಿ ಕಲ್ಲುಬೆಂಚಿನ ಮೇಲೆ ಕೂತ. ಮಗಳು ಅವನ ಪಕ್ಕ ಕೂತಳು, ಎದ್ದಳು, ಮತ್ತೆ ಕೂತಳು.

"ಮಾವ, ಅಪ್ಪನಿಗೆ ಆ ನಿದ್ದೆ ಹುಚ್ಚು ಎಲ್ಲಿಂದ ಬಂತು?"

ಅವನು ಅಚ್ಚರಿಯಿಂದ ನೋಡಿದ. "ನಿನಗೆ ಹೇಳಿಲ್ವಾ? ಈ ಕೈ ವಿಷಯ?"

"ಯಂತ್ರಕ್ಕೆ ಸಿಕ್ಕಿತು ಅಂದಿದ್ದ."

"ಯಂತ್ರಕ್ಕೆ ಕಾಲಿರಲ್ಲ ಮಗಳೇ. ಪೆಡಲು ಒತ್ತೋದಕ್ಕೆ ಒಬ್ಬ ಬೇಕು."

ಅವಳು ಕುಡಿಯಲೆಂದು ಎತ್ತಿದ ನೀರಿನ ಬಾಟಲಿಯನ್ನು ಕೆಳಗಿಟ್ಟಳು.

"ನಿನಗಾಗ ಎರಡು ತಿಂಗಳು. ಹೊಟ್ಟೆನೋವು ಅಂತ ರಾತ್ರಿಯೆಲ್ಲ ಅಳೋಳು. ನಿಮ್ಮಪ್ಪ ನಿನ್ನ ಹೆಗಲ ಮೇಲೆ ಹಾಕ್ಕೊಂಡು ಬೆಳಗಿನ ತನಕ ತಿರುಗೋನು, ಬೆಳಿಗ್ಗೆ ಬಂದು ಎರಡು ಪಾಳಿ ಮಾಡೋನು. ಕಾಗದ ಕತ್ತರಿಸೋ ಯಂತ್ರ. ನಾನು ಕಾಗದ ಜೋಡಿಸೋದು, ಅವನು ಪೆಡಲು ಒತ್ತೋದು. ಒಂದು ಹಾಳೆ ಮಡಚಿತ್ತು. 'ಇರು' ಅಂದೆ. ಅವನು ನಿಂತಲ್ಲೇ ನಿದ್ದೆ ಹೋಗಿದ್ದ. ನನ್ನ ದನಿಗೆ ಬೆಚ್ಚಿ ಎದ್ದು, ಒತ್ತಿಬಿಟ್ಟ."

ಮಾವ ಮೊಂಡು ಮಣಿಕಟ್ಟನ್ನು ತೊಡೆಯ ಮೇಲೆ ಮೆಲ್ಲಗೆ ಉಜ್ಜಿಕೊಂಡ.

"ಅದು ದೊಡ್ಡದಲ್ಲ ನೋಡು. ಆಗೋದು ಆಗುತ್ತೆ. ವಿಚಾರಣೇಲಿ ಕೇಳಿದ್ರು, 'ಇವನು ಇರು ಅಂದಿದ್ನಾ?' ಅಂತ. ನಿಮ್ಮಪ್ಪ ನೆಲ ನೋಡ್ಕೊಂಡು, 'ಏನೂ ಅನ್ನಲಿಲ್ಲ' ಅಂದ. ನಂದೇ ಅಜಾಗರೂಕತೆ ಅಂತ ಬರೆದು ಮನೆಗೆ ಕಳಿಸಿದ್ರು. ಹದಿನಾಲ್ಕು ತಿಂಗಳು ಮನೇಲಿ ಕೂತಿದ್ದೆ. ನಿಜಕ್ಕೂ ನಾನು 'ಇರು' ಅಂದಿದ್ನೋ ಇಲ್ವೋ ಅಂತ ನನಗೇ ಅನುಮಾನ ಬರೋ ಹಾಗಾಗಿತ್ತು."

"ಆಮೇಲೆ?"

"ಒಂದು ದಿನ ಬಾಗಿಲು ತೆಗೆದ್ರೆ ನಿಮ್ಮಪ್ಪ. ಕಂಕುಳಲ್ಲಿ ನೀನು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, 'ನೀನು ಇರು ಅಂದಿದ್ದೆ' ಅಂದ. ಮುಖದ ಮೇಲೇ ಬಾಗಿಲು ಹಾಕಿದೆ. ಮಾರನೇ ದಿನ ಹೋಗಿ ಆಫೀಸಲ್ಲಿ ಬರೆದುಕೊಟ್ಟ. ಅವನನ್ನ ಯಂತ್ರದಿಂದ ಕಿತ್ತು ಉಗ್ರಾಣಕ್ಕೆ ಹಾಕಿದ್ರು. ನನ್ನನ್ನ ವಾಪಸ್ ಕರೆದು ಗೇಟಿಗೆ ಕೂರಿಸಿದ್ರು."

"ನೀವು ಕ್ಷಮಿಸಿದ್ರಾ ಮಾವ?"

"ಅದೇ ದಿನ ಹೇಳಿದ್ದಿದ್ರೆ ಅದೇ ದಿನ ಕ್ಷಮಿಸ್ತಿದ್ದೆ ಅನ್ಸುತ್ತೆ. ತಡವಾಯ್ತಲ್ಲ, ಏಳೆಂಟು ವರ್ಷ ಹಿಡೀತು. ಅಷ್ಟರಲ್ಲಿ ದಿನಾ ಮಧ್ಯಾಹ್ನ ಬಂದು ನನ್ನ ಡಬ್ಬಿ ಮುಚ್ಚಳ ತೆಗೆದುಕೊಡೋನು. ಒಂದು ಕೈಯಲ್ಲಿ ಅದು ಬರ್ತಿರಲಿಲ್ಲ ನನಗೆ. ಬಯ್ದರೂ ಬರೋನು. ಯಾವಾಗ ಸ್ನೇಹ ಆಯ್ತೋ ಗೊತ್ತೇ ಆಗಲಿಲ್ಲ."

ಮಗಳು ಎದ್ದು ನಿಂತಿದ್ದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು: ಸೋಮವಾರ, ಡ್ರಾಯರು, ಫೋನು, ಹಸಿರು ಅಂಚು. "ಹಸಿರೋ ನೀಲಿಯೋ ಸರಿಯಾಗಿ ಗೊತ್ತಿಲ್ಲ ಮಾವ. ಇವತ್ತು ಶುಕ್ರವಾರ, ನಾಲ್ಕು ದಿನ ಆಯ್ತು."

"ಅವರ ಮನೆ ಗೊತ್ತಾ?"

"ಅಂಗಡಿ ಹಿಂದಿನ ಬೀದಿ. ಮೂರನೇ ಮಹಡಿ."

"ಮತ್ತೆ ಇಲ್ಲೇನು ಮಾಡ್ತಿದ್ದೀಯ?"

"ಅತ್ತೆ..."

"ನಿಮ್ಮತ್ತೇನ ನಾನು ನೋಡ್ಕೋತೀನಿ. ಓಡು."

ಗೇಟಿನ ಬಳಿ ಅತ್ತೆ ಕೂಗಿದ್ದು ಅವಳಿಗೆ ಕೇಳಿಸಿತು. "ಎಲ್ಲಿಗೇ? ಜನ ಮನೆಗೆ ಬರ್ತಾರೆ ಕಣೇ!" ಅವಳು ತಿರುಗಲಿಲ್ಲ. ಬಸ್ಸಿಗೆ ಕಾಯುವ ತಾಳ್ಮೆಯೂ ಇಲ್ಲದೆ ಎರಡು ನಿಲ್ದಾಣ ನಡೆದೇಬಿಟ್ಟಳು.

*

ಮೂರನೇ ಮಹಡಿಯ ಗಂಟೆ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಒಳಗಿಂದ ಗೋಡೆಗೆ ಕೈ ತಾಗಿಸಿಕೊಂಡು ಬರುವ ಹೆಜ್ಜೆ. ಅದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಸತ್ತು ಬದುಕಿದಳು.

"ಓ, ಔಷಧಿ ಅಂಗಡಿಯವಳು," ಎಂದರು ಟೈಪಿಂಗ್ ಟೀಚರ್.

"ಟೀಚರ್, ಸೋಮವಾರದ ಮಾತ್ರೆ ತೋರಿಸ್ತೀರಾ?"

ಮೇಜಿನ ಮೇಲೇ ಇತ್ತು. ಹಸಿರು ಅಂಚು. ನಾಲ್ಕು ಗುಳಿ ಖಾಲಿ.

"ನಾನು ತಪ್ಪು ಕೊಟ್ಟಿದ್ದೀನಿ. ಎರಡರಷ್ಟು ಶಕ್ತಿದು. ಸೋಮವಾರ ರಾತ್ರೀನೇ ಅನುಮಾನ ಬಂದಿತ್ತು. ಹೇಳಲಿಲ್ಲ."

ಟೀಚರ್ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ಮೊಣಕೈ ತಿರುಗಿಸಿ ತೋರಿಸಿದರು. ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು.

"ನಿನ್ನೆ ಬಚ್ಚಲಲ್ಲಿ ಬಿದ್ದೆ. ಎದ್ದು ನಿಂತ್ರೆ ಕಣ್ಣು ಕತ್ತಲೆ. ವಯಸ್ಸಾಯ್ತು, ಇನ್ನು ಮುಗೀತು ನನ್ನ ಕತೆ ಅಂತ ರಾತ್ರಿ ಕೂತು ಮಗಳಿಗೆ ಕಾಗದ ಬರೀತಿದ್ದೆ. ಅನುಮಾನ ಬಂದಿತ್ತು ಅಂತೀಯಲ್ಲ! ಬೀದಿ ದಾಟಿ ಬಂದು ಹೇಳೋಕೆ ನಾಲ್ಕು ದಿನ ಬೇಕಿತ್ತೇನಮ್ಮಾ?"

ಬಯ್ಯುತ್ತ ಬಯ್ಯುತ್ತಲೇ ಟೀಚರ್ ಅವಳ ಮುಖ ನೋಡಿದರು, ಬಟ್ಟೆಯ ಅಂಚಿಗೆ ಮೆತ್ತಿದ್ದ ಹಸಿಮಣ್ಣು ನೋಡಿದರು.

"ಎಲ್ಲಿಂದ ಬಂದೆ ನೀನು?"

"ಅಪ್ಪನ ಅಂತ್ಯಕ್ರಿಯೆಯಿಂದ."

"ಮುಗಿಸಿ ಬಂದ್ಯೋ, ಬಿಟ್ಟು ಬಂದ್ಯೋ?"

"ಮುಗಿಸಿ."

ಟೀಚರ್ ಗೂಟದಿಂದ ಚೀಲ ತೆಗೆದುಕೊಂಡು, ಒಳ್ಳೆಯ ಕೈಯನ್ನು ಅವಳ ಹೆಗಲ ಮೇಲಿಟ್ಟರು. ಮೂರು ಮಹಡಿ ಇಳಿಯುವುದಕ್ಕೆ ಕಾಲು ಗಂಟೆ ಹಿಡಿಯಿತು.

ಕ್ಲಿನಿಕ್ಕಿನ ಡಾಕ್ಟರು ಒತ್ತಡ ನೋಡಿ ಹುಬ್ಬು ಗಂಟಿಕ್ಕಿದರು. ತೀರಾ ತಗ್ಗಿದೆ, ಆದರೆ ಅಪಾಯವಿಲ್ಲ, ಮೂಳೆ ಮುರಿದಿಲ್ಲ, ಎರಡು ದಿನ ಮಾತ್ರೆ ಬೇಡ, ಆಮೇಲೆ ಹಳೆಯ ನೀಲಿಯದೇ. ಒಂದು ಗಂಟೆ ಇಲ್ಲೇ ಇದ್ದು ಇನ್ನೊಮ್ಮೆ ನೋಡಿಸಿಕೊಂಡು ಹೋಗಿ ಎಂದರು. ಮಗಳು ಹೊರಗೆ ಹೋಗಿ ಅಂಗಡಿಯ ಮಾಲೀಕನಿಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. "ನಾಳೆ ಬರಬೇಡ. ಸೋಮವಾರ ಬಾ, ಮಾತಾಡೋಣ," ಎಂದು ಅವನು ಇಟ್ಟುಬಿಟ್ಟ. ಕೆಲಸ ಉಳಿಯಿತೋ ಹೋಯಿತೋ ದನಿಯಿಂದ ತಿಳಿಯಲಿಲ್ಲ.

ಅವಳು ಒಳಗೆ ಬಂದು ಬೆಂಚಿನ ಮೇಲೆ ಟೀಚರ ಪಕ್ಕ ಕೂತಳು. ಈ ಸಲ ಏಳಲಿಲ್ಲ. "ಏನು ಕೆಲಸ ಮಾಡ್ತಿದ್ರು ನಿಮ್ಮ ತಂದೆ?" ಎಂದು ಟೀಚರ್ ಕೇಳಿದರು. ಹೇಳಲು ಶುರುಮಾಡಿದಳು. ಮುದ್ರಣಾಲಯ ಎಂದಳು, ಉಗ್ರಾಣ ಎಂದಳು, ಮುಂದಿನ ಮಾತು ಬಾಯಲ್ಲೇ ತಡವರಿಸಿತು. ತಲೆ ಟೀಚರ ಹೆಗಲಿಗೆ ಜಾರಿತು.

ಗಂಟೆಯ ನಂತರ ನರ್ಸು ಬಂದು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ತುಟಿಯ ಮೇಲೆ ಬೆರಳಿಟ್ಟರು. ಆಸರೆಯಾಗಿದ್ದ ಹೆಗಲನ್ನು ಕೂದಲೆಳೆಯಷ್ಟೂ ಅಲುಗಿಸದೆ, ನೇರಳೆಗಟ್ಟಿದ ಇನ್ನೊಂದು ತೋಳನ್ನೇ ಮುಂದೆ ಚಾಚಿದರು. ನರ್ಸು ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ರಕ್ತದೊತ್ತಡ ನೋಡುವ ತೋಳುಪಟ್ಟಿಯ ಅಂಟುಪಟ್ಟೆ ಚರ್ರೆನ್ನದ ಹಾಗೆ ಒಂದೊಂದೇ ಎಳೆಯಾಗಿ ಬಿಡಿಸತೊಡಗಿದಳು.