ಗಾಳಿಗೆ ಬಿಟ್ಟ ಗ್ಯಾಸು

ಬಿಸಿಲು ಏರಿತೆಂದರೆ ಊರಿನ ಫ್ರಿಜ್ಜುಗಳೆಲ್ಲ ಒಟ್ಟಿಗೇ ಮುನಿಸಿಕೊಳ್ಳುತ್ತವೆ. ಹಾಲು ಒಡೆಯುತ್ತದೆ, ಅಜ್ಜಿಯ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೆಡುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಹೆಸರು, ತಂಪಣ್ಣ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದ್ದಕ್ಕೆ ಬೀದಿಯವರು ಕೊಟ್ಟದ್ದು.

ತಂಪಣ್ಣನದೊಂದು ರೂಢಿ. ಕೆಟ್ಟ ಫ್ರಿಜ್ಜಿನ ಕೊಳವೆ ಬಿಚ್ಚುವ ಮುನ್ನ ಒಳಗಿನ ಗ್ಯಾಸನ್ನು ಕಿಟಕಿಯ ಕಡೆಗೆ ಬಿಡುತ್ತಿದ್ದ. ಸುಯ್ ಎನ್ನುವ ಆ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತ, ಎಷ್ಟು ಗ್ಯಾಸ್ ಉಳಿದಿತ್ತೆಂದು ಕರಾರುವಾಕ್ಕಾಗಿ ಹೇಳುತ್ತಿದ್ದ. ಅಷ್ಟು ಹೊತ್ತು ಅವನು ಈ ಲೋಕದಲ್ಲೇ ಇರುತ್ತಿರಲಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿ ಗಾಳಿಗೆ ಸೇರಿತು ಎಂಬುದು ಅವನ ನಂಬಿಕೆ. ಪಾಪ, ತಿಳಿಯದೆ ಮಾಡುತ್ತಿದ್ದ ತಪ್ಪು.

ಒಂದು ಮಧ್ಯಾಹ್ನ ಪರಿಸರ ಇಲಾಖೆಯ ನೋಟಿಸ್ ಬಂತು. ಗ್ಯಾಸನ್ನು ಹೊರಗೆ ಬಿಡುವಂತಿಲ್ಲ, ಯಂತ್ರದ ಮೂಲಕ ಎಳೆದು ಸಿಲಿಂಡರಿನಲ್ಲಿ ಹಿಡಿಯಬೇಕು; ತಿಂಗಳೊಳಗೆ ತರಬೇತಿ ಪಡೆಯದಿದ್ದರೆ ಅಂಗಡಿಗೆ ಬೀಗ. ತಂದುಕೊಟ್ಟವಳು ಬೇರೆ ಯಾರೂ ಅಲ್ಲ, ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಅವನ ಅಕ್ಕನ ಮಗಳು ಪುಟ್ಟಿ.

ಹೆಸರು ತಂಪಣ್ಣ, ಮನುಷ್ಯ ಕೆಂಡಾಮಂಡಲವಾದ. "ಎತ್ತಿ ಆಡಿಸಿದ ಮಾವನ ಹೊಟ್ಟೆ ಮೇಲೇ ಹೊಡೀತೀಯಲ್ಲೇ. ಇಷ್ಟೇ ಇಷ್ಟು ಗ್ಯಾಸಿಂದ ಆಕಾಶ ಕಳಚಿ ಬೀಳುತ್ತಾ?"

ಪುಟ್ಟಿ ಸ್ಟೂಲ್ ಎಳೆದುಕೊಂಡು ಕೂತಳು. ಆ ಗ್ಯಾಸ್ ವರ್ಷಗಟ್ಟಲೆ ಮೇಲೇ ಉಳಿದು, ಭೂಮಿಯ ಶಾಖ ಹೊರಗೆ ಹೋಗದಂತೆ ಕಂಬಳಿ ಹೊದಿಸುತ್ತದೆ ಎಂದಳು. ಹಳೆಯ ಬಗೆಯ ಒಂದು ಫ್ರಿಜ್ಜಿನ ಗ್ಯಾಸ್ ಬಿಟ್ಟರೆ, ಕಾರೊಂದು ಸಾವಿರ ಕಿಲೋಮೀಟರ್ ಓಡಿದಷ್ಟು ಕೆಡುಕಂತೆ. ಅದಕ್ಕೂ ಹಿಂದಿನ ಗ್ಯಾಸುಗಳು ಆಕಾಶದ ಓಝೋನ್ ಪದರವನ್ನೇ ತಿಂದುಹಾಕುತ್ತಿದ್ದವು. ದೇಶಗಳೆಲ್ಲ ಸೇರಿ ಕಾನೂನು ಮಾಡಿ ತಡೆದ ಮೇಲೆ ಆ ಗಾಯ ಮೆಲ್ಲಗೆ ಮಾಯುತ್ತಿದೆ ಎಂದೂ ಹೇಳಿದಳು. ತಂಪಣ್ಣ ನೋಟಿಸನ್ನು ಮಡಚಿ ಜೇಬಿಗೆ ತುರುಕಿದ.

ಅವಳು ಹೋದ ಮೇಲೆ ಅವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಮೂವತ್ತು ವರ್ಷ ಬಿಟ್ಟ ಗ್ಯಾಸೆಲ್ಲ ಬೆಳ್ಳಗೆ, ಮೆತ್ತಗೆ ತೇಲಿಕೊಂಡು ಬಂತು. ಚಾವಣಿಗಳ ಮೇಲೆ ಮಡಿಕೆ ಮಡಿಕೆಯಾಗಿ ಹಾಸಿಕೊಂಡಿತು. ಒಂದೆಲೆಯೂ ಅಲುಗಲಿಲ್ಲ. ಕೆಳಗೆ ಜನ ನೀರೊಳಗೆ ನಡೆದಂತೆ ನಿಧಾನ ನಡೆಯುತ್ತಿದ್ದರು. ತೊಟ್ಟಿಲಲ್ಲಿ ಅವನ ಮೊಮ್ಮಗಳು ಬೆವರಿ ಒದ್ದಾಡುತ್ತಿದ್ದಳು. ಆ ಬಿಳಿ ಹೊದಿಕೆ ಸರಿಸಲು ಹೋದರೆ ಅದರ ಅಂಚೇ ಕೈಗೆ ಸಿಗಲಿಲ್ಲ. ಎಚ್ಚರವಾದಾಗ ಅವನಿಗೆ ನಿಜಕ್ಕೂ ಭಯವಾಗಿತ್ತು.

ಸಂಜೆ ಅಕ್ಕನ ಮನೆಗೆ ಹೋಗಿ ಪುಟ್ಟಿಯ ಮುಂದೆ ಮನಸ್ಸು ಬಿಚ್ಚಿದ. "ಗ್ಯಾಸ್ ಹಿಡಿಯೋಕೆ ಅರ್ಧ ಗಂಟೆ ಜಾಸ್ತಿ ಬೇಕಮ್ಮ. ಅಷ್ಟರಲ್ಲಿ ಗಿರಾಕಿಗಳು ಎದುರಿನ ರಿಪೇರಿ ಅಂಗಡಿ ಮೀಸೆಯವನ ಹತ್ರ ಓಡ್ತಾರೆ. ಒಳ್ಳೆಯವನಾಗೋಕೆ ಹೋಗಿ ಅಂಗಡಿ ಕಳ್ಕೊಳ್ಳಲಾ?"

"ಕಾನೂನು ಇರೋದೇ ಅದಕ್ಕೆ ಮಾವ," ಎಂದಳು ಪುಟ್ಟಿ. "ಒಬ್ಬರೇ ಒಳ್ಳೆಯವರಾದ್ರೆ ಸೋಲ್ತಾರೆ. ಮೀಸೆ ಮಾಮನಿಗೂ ಇದೇ ನೋಟಿಸ್ ಕೊಟ್ಟು ಬಂದಿದೀನಿ. ತಪ್ಪಿದ್ರೆ ಅವರಿಗೂ ಬೀಗವೇ."

ಹತ್ತು ವರ್ಷದಿಂದ ಮುಖ ಕೊಟ್ಟು ಮಾತಾಡದ ಇಬ್ಬರೂ ತರಬೇತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತರು. ಮೀಸೆಯವನು ತೂಕಡಿಸಿದಾಗಲೆಲ್ಲ ತಂಪಣ್ಣ ಮೊಣಕೈಯಿಂದ ತಿವಿದ.

ತಿಂಗಳು ಕಳೆಯಿತು. ದರ್ಜಿ ಹೆಂಗಸೊಬ್ಬಳು ಚಿಕ್ಕ ಫ್ರಿಜ್ಜನ್ನು ಗಾಡಿಯಲ್ಲಿ ತಂದಳು. ಗ್ಯಾಸ್ ಹಿಡಿಯಲು ಅರ್ಧ ಗಂಟೆ ಬೇಕೆಂದಾಗ ಸಿಡುಕಿದಳು. "ನನಗೆ ಕೆಲಸ ಇದೆಯಪ್ಪ, ಎದುರುಗಡೆ ಕೇಳ್ತೀನಿ."

ತಂಪಣ್ಣನಿಗೆ ಗಿರಾಕಿ ಕೈತಪ್ಪುವ ಅಳುಕು. ಆದರೂ ಹೋಗಿ ಕೇಳಮ್ಮ ಎಂದ. ಅವಳು ರಸ್ತೆ ದಾಟುವುದನ್ನು ಬಾಗಿಲಿಗೆ ಬಂದು ನೋಡಿದ. ಮೀಸೆಯವನು ಕೈಯಲ್ಲಿದ್ದ ಸಿಲಿಂಡರ್ ತೋರಿಸಿ ತಲೆಯಾಡಿಸಿದ. ಅವಳು ಹಿಂದಿರುಗಿ ಬಂದು ಬೆಂಚಿನ ಮೇಲೆ ಕೂತಳು.

"ಅವನದೂ ಇದೇ ರಾಗ. ಆಯ್ತು, ಹಿಡಿಯಪ್ಪ. ಕಾಯ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಕಾನೂನು ಬರೀ ಕಾಗದದ ಮೇಲಿದ್ದರೆ ಬಿಸಿಲು ಇಳಿಯದು. ಮನೆಗೆ ಫ್ರಿಜ್ಜೋ ಎಸಿಯೋ ರಿಪೇರಿಗೆ ಬಂದವರನ್ನು, ಗ್ಯಾಸ್ ಎಲ್ಲಿಗೆ ಹಿಡಿಯುತ್ತೀರಿ ಎಂದು ಕೇಳಿ. ತರಬೇತಿ ಪತ್ರ ತೋರಿಸಿ ಎನ್ನಿ. ಗಾಳಿಗೆ ಬಿಡುವವರು ಕಂಡರೆ ಇಲಾಖೆಗೆ ತಿಳಿಸಿ. ಹಿಡಿಯುವವರ ಅಂಗಡಿಯಲ್ಲಿ ಅರ್ಧ ಗಂಟೆ ಕಾಯಿರಿ. ನೀವು ಎದ್ದು ಹೋದರೆ ಸೋಲುವುದು ಅವರೊಬ್ಬರೇ ಅಲ್ಲ.