ತೊಳೆಯಬಾರದ ಜಾಲರಿ

ನನ್ನ ಲಾಂಡ್ರಿಯಿಂದ ಕೊಳೆ ಹೊರಗೆ ಹೋಗುತ್ತದೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗ್ರಹಚಾರ ಬಿಡಿಸಿಬಿಡುತ್ತಿದ್ದೆ. ಆದರೆ ಅಂದವಳು ನನ್ನ ಸೊಸೆ. ಸಮುದ್ರದ ನೀರು ಪರೀಕ್ಷೆ ಮಾಡುವುದು ಅವಳ ಕೆಲಸ.

"ಅತ್ತೆ, ಈ ಬ್ಲಾಂಕೆಟ್ಟು, ಟೀ ಶರ್ಟು ಎಲ್ಲಾ ಪ್ಲಾಸ್ಟಿಕ್ ನೂಲು. ಮಷೀನಲ್ಲಿ ತಿರುಗಿದಾಗ ಸಣ್ಣ ಸಣ್ಣ ಎಳೆ ಉದುರತ್ತೆ. ಚರಂಡಿಗೆ ಹೋಗತ್ತೆ, ಅಲ್ಲಿಂದ ಸಮುದ್ರಕ್ಕೆ, ಆಮೇಲೆ ಮೀನಿನ ಹೊಟ್ಟೆಗೆ."

"ನನ್ನ ಮಷೀನ್ ತಂಟೆಗೆ ಬರಬೇಡ ಕಣೇ" ಅಂದೆ. ಕೇಳಿದರೆ ತಾನೆ! ನೀರು ಹೊರಹೋಗುವ ಪೈಪಿಗೆ ಡಬ್ಬಿ ಕೂರಿಸಿ, ಒಳಗೆ ತೀರ ಸಣ್ಣ ಕಣ್ಣಿನ ಜಾಲರಿ ಇಟ್ಟೇಬಿಟ್ಟಳು. ಮಷೀನ್ ತುಂಬ ಬಟ್ಟೆ ಹಾಕಿ ತಣ್ಣೀರಲ್ಲೇ ಒಗೆದರೆ ಎಳೆ ಕಡಿಮೆ ಉದುರುತ್ತದಂತೆ, ಆ ಪಾಠವೂ ಆಯಿತು. ಬೀದಿಯ ಲಾಂಡ್ರಿಗಳಿಗೆಲ್ಲ ಇಂಥದ್ದನ್ನು ಹಾಕಿಸುವ ಆಸೆ ಅವಳಿಗೆ. ಅವರೋ, ಎದುರು ಲಾಂಡ್ರಿಯ ದಪ್ಪ ಮೀಸೆಯವನ ಮಾತು ಮೀರುವವರಲ್ಲ.

ಮೀಸೆ ಗತ್ತಿನಿಂದ ಅಂದ: "ಒಂದು ವಾರ ಅಕ್ಕನ ಮಷೀನಲ್ಲಿ ಏನು ಸಿಗತ್ತೋ ತೋರಿಸಮ್ಮ. ಸಿಕ್ಕಿದ್ರೆ ನಾವೂ ಹಾಕಿಸ್ತೀವಿ. ಇಲ್ದಿದ್ರೆ ಈ ಮಾತು ಮತ್ತೆ ಎತ್ತಬೇಡ."

ನೀರಿನ ಮಾದರಿ ತರಲು ಸೊಸೆ ದೋಣಿ ಹತ್ತಿದಳು. "ನೀರು ಕಟ್ಟಿಕೊಂಡ್ರೆ ಜಾಲರಿ ಸ್ವಲ್ಪ ನೋಡ್ಕೊಳ್ಳಿ ಅತ್ತೆ" ಎಂದಷ್ಟೇ ಹೇಳಿದ್ದಳು. ನೋಡಿಕೊಳ್ಳುವುದೆಂದರೆ ನಾನು ಬಿಡುತ್ತೇನೆಯೇ! ಮಗಳಂಥ ಸೊಸೆ ಬಾಯಿಬಿಟ್ಟು ಕೇಳಿದ ಒಂದೇ ಒಂದು ಕೆಲಸ. ದಿನಾ ಸಂಜೆ ಜಾಲರಿ ತೆಗೆದು, ಬ್ರಷ್ ಹಾಕಿ ತಿಕ್ಕಿ, ನಲ್ಲಿ ಕೆಳಗೆ ಹಿಡಿದು ಫಳಫಳ ಹೊಳೆಯುವಂತೆ ತೊಳೆದೆ.

ವಾರ ಕಳೆದು ಬಂದವಳು ಬಂದ ಕಾಲಲ್ಲೇ ಡಬ್ಬಿ ತೆರೆದಳು.

"ಅತ್ತೆ, ಇದರಲ್ಲಿ ಇದ್ದಿದ್ದೆಲ್ಲ ಎಲ್ಲಿ?"

"ದಿನಾ ತೊಳೆದಿದೀನಿ ಕಣೇ. ನೋಡು, ಬೆಳ್ಳಿ ಬಟ್ಟಲು ಇದ್ದ ಹಾಗಿದೆ!"

"ತೊಳೆದ ನೀರು ಎಲ್ಲಿಗೆ ಹೋಯ್ತು?"

"ಇನ್ನೆಲ್ಲಿಗೆ, ಚರಂ..." ನಾಲಿಗೆ ಕಚ್ಚಿಕೊಂಡೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಹಿಡಿದದ್ದನ್ನೆಲ್ಲ ನನ್ನ ಕೈಯಾರೆ ಸಮುದ್ರಕ್ಕೆ ಕಳಿಸಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೆಂದರೆ ಇದೇ.

ಅವಳು ಬೈಯಲಿಲ್ಲ, ಸ್ಟೂಲಿನ ಮೇಲೆ ಕುಸಿದು ಕೂತಳು. "ನಾನು ಸರಿಯಾಗಿ ಹೇಳಬೇಕಿತ್ತು. ಬೆಳಿಗ್ಗೆ ಅವರೆಲ್ಲ ಬರ್ತಾರೆ, ಏನು ತೋರಿಸಲಿ?" ಆ ಸಪ್ಪೆ ಮುಖ ನನ್ನಿಂದ ನೋಡಲಾಗಲಿಲ್ಲ. ಎರಡು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆ ಬೀದಿಯ ಲಾಂಡ್ರಿಯವರೆಲ್ಲ ಬಂದು ನಿಂತರು. ಮೀಸೆ ಜಾಲರಿಯನ್ನು ಬೆಳಕಿಗೆ ಹಿಡಿದು, "ಏನೂ ಇಲ್ವಲ್ಲಮ್ಮ" ಎಂದು ಹೊರಡಲು ತಿರುಗಿದ.

"ನಿಲ್ಲೋ ಮಹರಾಯ! ನಿನ್ನ ಅಂಗಡಿಗೆ ಒಗೆಯೋಕೆ ಬಂದಿರೋ ಬ್ಲಾಂಕೆಟ್ ಎಲ್ಲ ಹೊತ್ಕೊಂಡು ಬಾ" ಅಂದೆ.

ಮಷೀನ್ ತಿರುಗುವಷ್ಟು ಹೊತ್ತೂ ನನ್ನ ಘನಕಾರ್ಯವನ್ನು ನಾನೇ ಬಣ್ಣಿಸಿದೆ. ಬಿದ್ದು ಬಿದ್ದು ನಕ್ಕರು, ಮೀಸೆಯದ್ದೇ ಎಲ್ಲರಿಗಿಂತ ಜೋರು. "ಅಲ್ಲಕ್ಕಾ, ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?" ಅಂದ. ನುಂಗಿಕೊಂಡೆ.

ಸೊಸೆ ಜಾಲರಿ ಹೊರಗೆಳೆದಳು. ಕಲಸಿದ ಹಿಟ್ಟಿನಂತೆ ಬೂದುಬಣ್ಣದ ಒದ್ದೆ ಮುದ್ದೆ ಅಂಟಿಕೊಂಡಿತ್ತು.

"ಥೂ! ಇದೆಲ್ಲ ನಮ್ಮ ಬ್ಲಾಂಕೆಟ್ಟಿಂದಾ?" ಮೀಸೆಗೆ ನಾಚಿಕೆಯಾಯಿತು. ಅವಳ ಕೈಯಿಂದ ಜಾಲರಿ ಕಿತ್ತುಕೊಂಡವನೇ ನೆಟ್ಟಗೆ ನಲ್ಲಿಯ ಹತ್ತಿರ ಹೋಗಿ, ಅದನ್ನು ಕೆಳಗೆ ಹಿಡಿದು, ನಲ್ಲಿ ತಿರುಗಿಸಲು ಕೈ ಹಾಕಿದ.

"ನಲ್ಲಿ ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಕಿರುಚಿದೆ.

ಅಂಗಡಿಯೆಲ್ಲ ಗೊಳ್ಳೆಂದಿತು. ಸೊಸೆಯಂತೂ ಕಣ್ಣಲ್ಲಿ ನೀರು ಬರುವ ತನಕ ನಕ್ಕು ನನ್ನ ಹೆಗಲಿಗೆ ಒರಗಿದಳು. ಮೀಸೆ ಪೆಚ್ಚುಪೆಚ್ಚಾಗಿ, "ನಮ್ಮ ಅಂಗಡಿಗೂ ಒಂದು ಹಾಕಮ್ಮ" ಅಂದ. ಉಳಿದವರೂ ದನಿಗೂಡಿಸಿದರು.

ಈಗ ಸಂಜೆ ಜಾಲರಿಯನ್ನು ಒಣಗಲು ಬಿಟ್ಟು, ಆಮೇಲೆ ಅಂಟಿದ್ದನ್ನು ಕೆರೆದು ಬೇರೆ ಡಬ್ಬಿಗೆ ತುಂಬುತ್ತೇನೆ. ನನ್ನ ಅಂಗಡಿಯಲ್ಲಿ ನಲ್ಲಿ ನೀರು ಮುಟ್ಟಿಸದೆ ಬಿಟ್ಟ ವಸ್ತು ಅದೊಂದೇ. ಅದರ ಬೂದು ಮುಖ ಕಂಡಾಗಲೆಲ್ಲ ತೊಳೆಯಲು ಕೈ ತುರಿಸುತ್ತದೆ, ಹೊಟ್ಟೆ ಮಾತ್ರ ತಣ್ಣಗಿರುತ್ತದೆ.