ಮೂರನೆಯದು ಅರ್ಧ

"ಇದೇನವಾ, ಅರ್ಧಕ್ಕ ಕೈ ಬಿಟ್ಟೀಯಲ್ಲ? ಹೂ ಸಾಲಲಿಲ್ಲೇನು?"

ಸುಮಿತ್ರವ್ವ ವೇದಿಕೆಯ ಕೆಳಗೆ ನಿಂತು ಕೇಳಿದಳು. ಅಕ್ಷತೆಗೆ ಇನ್ನೂ ಹೊತ್ತಿತ್ತು. ಲಕ್ಷ್ಮೇಶ್ವರದಿಂದ ಬಂದ ತಮ್ಮ ಮಂದಿಯನ್ನು ಚಹಾಕ್ಕೆ ಕೂರಿಸಿ, ಮದುಮಗನ ತಾಯಿ ತಾನೇ ಎಲ್ಲವನ್ನೂ ನೋಡಬೇಕೆಂದು ಒಬ್ಬಳೇ ಬಂದಿದ್ದಳು. ಗದಗಿನಲ್ಲಿ ಎಷ್ಟೋ ಮದುವೆ ಉಂಡವಳು ಇಂಥ ಅಲಂಕಾರ ಕಂಡಿರಲಿಲ್ಲ. ಇಳಿಬಿಟ್ಟ ಮಾಲೆ ಒಂದೂ ಇಲ್ಲ. ಬಿಳಿ ಸೇವಂತಿಗೆಯ ಗೋಡೆ, ಅದರ ಅಡಿಯಲ್ಲಿ ಇಟ್ಟಿಗೆಯಂತೆ ಚೌಕ ಚೌಕವಾಗಿ ಜೋಡಿಸಿದ ಚೆಂಡುಹೂ. ಮೇಲೆ ಕೆಂಪು ಗುಲಾಬಿಯ ಮೂರು ಹೃದಯಗಳು. ಅವುಗಳ ಅಂಚು ಕೂಡ ಮೆಟ್ಟಿಲು ಮೆಟ್ಟಿಲು. ಮೂರನೆಯದರ ಬಲಭಾಗದಲ್ಲಿ ಹೂವೇ ಇಲ್ಲ, ಬರೀ ಕಪ್ಪುಗಟ್ಟಿದ ಎಲೆ.

ಅಲಂಕಾರ ಮಾಡುವ ಸ್ನೇಹಾ ಏಣಿಯ ಮೇಲಿಂದಲೇ ನಕ್ಕಳು. "ಹೂ ಬೇಕಾದಷ್ಟು ಅದಾವ್ರಿ ಅಮ್ಮಾರ. ಇದು ಮೊಬೈಲ್ ಆಟದಾಗಿನ ಚಿತ್ರರಿ. ಆಡೋರ ಜೀವ ಎಷ್ಟು ಉಳದೈತಿ ಅಂತ ಹಿಂಗ ತೋರಸ್ತಾರ. ಪೆಟ್ಟು ಬಿದ್ರ ಅರ್ಧ ಹೋಗತೈತಿ."

"ಹಿಂಗ ಮಾಡಂತ ಯಾರು ಹೇಳಿದ್ರು?"

"ಮದುಮಗಳರಿ. ಶಾಂಭವಿ ಅಕ್ಕಾರು ಚಿತ್ರ ಕಳಿಸಿದ್ರು."

ಸುಮಿತ್ರವ್ವ ಮತ್ತೆ ಆ ಎಲೆಯ ಕಡೆ ನೋಡಿದಳು. ಶಾಂಭವಿಗೆ ಮೊದಲು ಮುಂಡರಗಿಯಲ್ಲಿ ಸಂಬಂಧ ನಿಶ್ಚಯವಾಗಿ ತಪ್ಪಿತ್ತು. ಹುಡುಗನ ಕಡೆಯವರು ಸರಿಯಿರಲಿಲ್ಲ ಎಂದು ಶಿರಹಟ್ಟಿಯ ಬೀಗರು ಹೇಳಿದ್ದರು. ಸುಮಿತ್ರವ್ವ ಆಗ ತಲೆಯಾಡಿಸಿದ್ದಳೇ ಹೊರತು ನಂಬಿರಲಿಲ್ಲ. ನಿಶ್ಚಯದ ದಿನ ಹುಡುಗಿ ಮೂಲೆಯಲ್ಲಿ ಮೊಬೈಲು ನೋಡುತ್ತ ನಕ್ಕಿದ್ದೂ ಈಗ ನೆನಪಾಯಿತು. ಯಾರ ಜೊತೆ ನಕ್ಕಿದ್ದಳು?

ಅವಳು ನೆಟ್ಟಗೆ ಮದುಮಗಳ ಕೋಣೆಗೆ ನಡೆದಳು. ಜಡೆ ಹೆಣೆಯುತ್ತಿದ್ದ ಗೆಳತಿಯರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಪೆಟ್ಟು ಬಿದ್ದದ್ದನ್ನ ಊರ ಮಂದಿ ಮುಂದ ಯಾಕ ತೂಗ ಹಾಕೀಯವಾ? ಯಾರು ಹೊಡದದ್ದದು? ಮುಂಡರಗಿಯಾಂವನ?"

ಶಾಂಭವಿ ಅರ್ಧ ಹೆಣೆದ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು.

"ಕಳಿಸಿದ್ದು ನಾನರಿ ಅತ್ತಿ, ಖರೆ. ಆದ್ರ ಚಿತ್ರ ತಗದಾವ್ರು ಅವ್ರು."

"ಅವ್ರಂದ್ರ?"

"ನಿಮ್ಮ ಮಗಾರು."

ಸುಮಿತ್ರವ್ವ ಹೊರಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದಳು.

"ಒಂದ್ ವರ್ಷ ಮ್ಯಾಲಿನ ಖೋಲಿ ಬಾಗ್ಲಾ ಹಾಕ್ಕೊಂಡು ಕುಂತಿದ್ದು, ಧಾರವಾಡದ ಡಾಕ್ಟರು, ಎಲ್ಲಾ ಹೇಳ್ಯಾರ್ರಿ. ಆಗ ಇದ ಆಟ ಆಡತಿದ್ರಂತ. ಈಗ ಇಬ್ರೂ ಆಡತೀವಿ." ಹುಡುಗಿ ತುಸು ತಡೆದು ಹೇಳಿದಳು, "ಮೂರೂ ತುಂಬಿಸಿ ತೋರಿಸಿದ್ರ ಸುಳ್ಳಾಗತೈತಿ ಅಂದ್ರು."

ಮಗ ಮಲ್ಲು ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಆ ವರ್ಷ ಕೇಳಿದವರಿಗೆಲ್ಲ ಹೇಳಿದವಳು ಸುಮಿತ್ರವ್ವ. ನೋಡಲು ಬಂದ ಬೀಗರಿಗೂ ಅದನ್ನೇ ಹೇಳಿದ್ದಳು, ಎಷ್ಟು ಚೆನ್ನಾಗಿ ಹೇಳಿದ್ದಳೆಂದರೆ ಮಾವನ ಮನೆಯ ಊಟ ಅವನಿಗೆ ಒಗ್ಗಲಿಲ್ಲವೆಂದೂ ಸೇರಿಸಿದ್ದಳು. ಅವರು ಅದನ್ನು ಕೇಳಿ ನಕ್ಕಿದ್ದರು. ಆ ನಗುವಿನ ಅರ್ಥ ಏನಿತ್ತೋ.

"ಮತ್ತ್ಯಾರಿಗೆ ಗೊತ್ತೈತಿ?" ಸುಮಿತ್ರವ್ವ ಕೇಳಿದಳು.

ಶಾಂಭವಿ ಉತ್ತರಿಸುವ ಮೊದಲೇ ಅವಳ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಬಂದಳು.

"ಇಲ್ಲೇ ಅದೀರೇನ್ರಿ ಬೀಗತೀರ! ಅಳಿಯಾರು ಇನ್ನೂ ನಾಷ್ಟಾ ಮಾಡಿಲ್ಲಂತ. ನೀವ ಒಯ್ದು ಕೊಡ್ರಿ. ಖಾಲಿ ಹೊಟ್ಟೀಲೆ ಧಾರವಾಡದ ಆ ಗುಳಿಗಿ ತಗೊಂಡ್ರ ಸಂಕಟ ಆದೀತು."

ಸುಮಿತ್ರವ್ವ ಅವಳ ಮುಖದಲ್ಲಿ ಕೊಂಕನ್ನು ಹುಡುಕಿದಳು. ಕಣ್ಣು, ತುಟಿ, ಹುಬ್ಬು. ಬೀಗತಿ ಮಾತ್ರ ಆಗಲೇ ಮಗಳ ಜಡೆಯನ್ನು ಕೈಗೆ ತೆಗೆದುಕೊಂಡು ಹೆಣೆಯತೊಡಗಿದ್ದಳು.

ತಟ್ಟೆಯ ತಳ ಸುಡುತ್ತಿತ್ತು. ಸೆರಗಿನಲ್ಲಿ ಹಿಡಿದು ಅವಳು ಮದುಮಗನ ಕೋಣೆಯವರೆಗೆ ನಡೆದಳು. ಬಾಗಿಲು ಪೂರ್ತಿ ತೆರೆದಿತ್ತು. ಆದರೂ ಅವಳು ಆ ವರ್ಷದ ರೂಢಿಯಂತೆ ಹೊಸ್ತಿಲ ಹೊರಗೇ ನಿಂತು, ಬಗ್ಗಿ, ತಟ್ಟೆಯನ್ನು ನೆಲಕ್ಕಿಡಲು ಹೋದಳು. ಒಳಗಿನಿಂದ ಎರಡು ಕೈಗಳು ಬಂದು ಅದನ್ನು ನಡುವೆಯೇ ಹಿಡಿದುಕೊಂಡವು.